ಶುಕ್ರವಾರದ ಕೊನೆಯ ರೀಲು

ಮಳವಳ್ಳಿ ಜನಕ್ಕೆ ತಾಳ್ಮೆಯಿಲ್ಲ, ಶುಕ್ರವಾರ ಸತ್ತ ಯೇಸುವನ್ನು ಶುಕ್ರವಾರವೇ ಎಬ್ಬಿಸಿಬಿಟ್ಟರು ಎಂದು ಮಂಡ್ಯದಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ನಾನು ಒಪ್ಪುವುದಿಲ್ಲ. ನಗುವವರಲ್ಲಿ ಒಬ್ಬರೂ ಅವತ್ತು ಆ ಸಿನಿಮಾ ಡೇರೆಯಲ್ಲಿರಲಿಲ್ಲ, ನಾನಿದ್ದೆ. ಆದರೂ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಎದುರು ಪಕ್ಷದವನು ಇದೇ ಕಥೆ ಎತ್ತಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ರೂಮಿಗೆ ಬಂದು ಕಾಲು ತೊಳೆಯುವಾಗ. ನನ್ನ ಒಳ್ಳೆಯ ಉತ್ತರಗಳೆಲ್ಲ ಅಂಥ ಹೊತ್ತಿನಲ್ಲೇ ಬರುವುದು.

ಅದೀಗ ನೆನಪಾದದ್ದು ಒಂದು ವಾಸನೆಯಿಂದ. ಇವತ್ತು ಗುಡ್ ಫ್ರೈಡೆ. ಸಂಜೆ ನಮ್ಮ ಮಳವಳ್ಳಿಯ ಸಂತೆ ಮೈದಾನದ ಬಳಿ ಬರುವಾಗ ಹೊಂಗೆ ಹೂವಿನ ಜೊತೆಗೆ ಸಿನಿಮಾ ಯಂತ್ರದ ದೀಪದಲ್ಲಿ ಕಾರ್ಬನ್ ಕಡ್ಡಿ ಉರಿಯುವ ವಾಸನೆ ಬಂತು. ಬಾಷಾ ಸಾಬರ ಡೇರೆ ಬಂದಿದೆ ಎಂದು ಕಾಲು ತಾನೇ ಆ ಕಡೆ ತಿರುಗಿತು.

ಬಾಷಾ ಸಾಬರು ಮದ್ದೂರಿನಲ್ಲಿ ಬಸ್ಸಿನ ಎಂಜಿನ್ ರಿಪೇರಿ ಮಾಡುವವರು. ಬೇಸಿಗೆ ಬಂತೆಂದರೆ ಡೇರೆ ಎತ್ತಿಕೊಂಡು ಊರೂರು ಸುತ್ತುತ್ತಾರೆ. ಅವರ ಹತ್ತಿರ ಯೇಸುವಿನ ಕಥೆಯ ಹಳೆಯ ಮೂಕಿ ಚಿತ್ರವೊಂದಿದೆ. ಮಾತಿನ ಚಿತ್ರ ಬಂದು ವರ್ಷಗಳಾದರೂ ಈಸ್ಟರ್ ವಾರದಲ್ಲಿ ಜನ ಸೇರುವುದು ಅದಕ್ಕೇ. ಪರದೆಯ ಪಕ್ಕ ನಿಂತು ಕಥೆ ಹೇಳುವವರು ಮಿಷನ್ ಶಾಲೆಯ ಗ್ರೇಸಮ್ಮ ಟೀಚರ್.

ಯುದ್ಧದ ಆ ವರ್ಷ ಗ್ರೇಸಮ್ಮ ಒಂದು ಬೇಡಿಕೆ ಇಟ್ಟರು. ಶಿಲುಬೆಯವರೆಗೆ ಶುಕ್ರವಾರ, ಯೇಸು ಮೂರನೆಯ ದಿನ ಸಮಾಧಿಯಿಂದ ಎದ್ದು ಬರುವ ಕೊನೆಯ ರೀಲು ಭಾನುವಾರ. ಅವರ ಮಗ ಸೈನ್ಯ ಸೇರಿ ಬರ್ಮಾ ಕಡೆ ಹೋಗಿದ್ದ. ಸುದ್ದಿ ನಿಂತುಹೋಗಿತ್ತು.

"ಕಾಯೋದು ಅಂದ್ರೆ ಏನು ಅಂತ ಜನಕ್ಕೂ ಸ್ವಲ್ಪ ಗೊತ್ತಾಗಲಿ, ಸಾಬರೇ," ಎಂದಿದ್ದರು. ಸಾಬರು ಒಪ್ಪಿದ್ದರು.

ಶುಕ್ರವಾರ ಪರದೆಯ ಮೇಲೆ ಶಿಲುಬೆಯ ಕೆಳಗೆ ಯೇಸುವಿನ ತಾಯಿ ಕುಸಿದಳು. ಯಂತ್ರ ನಿಂತಿತು. ಯಾರೂ ಏಳಲಿಲ್ಲ. ನಮ್ಮ ಕಡೆ ನಾಟಕವಾಗಲಿ ಹರಿಕಥೆಯಾಗಲಿ ಮಂಗಳ ಹಾಡದೆ ಮುಗಿಯುವುದಿಲ್ಲ. ಸಾವು ನೋಡಿ ಹಾಗೇ ಎದ್ದುಹೋದರೆ ಕೇಡು. ಕಾರಣ ಅದೇ ಎಂದುಕೊಂಡು 'ಮೂಢನಂಬಿಕೆ' ಎಂದು ಗೆಳೆಯನ ಕಿವಿಯಲ್ಲಿ ಉಸುರಿದೆ. ಅಷ್ಟರಲ್ಲಿ ಬೆಳಕವಾಡಿಯಿಂದ ಗಾಡಿಯಲ್ಲಿ ಬಂದಿದ್ದ ಮುದುಕಿ ಕೆಂಪಮ್ಮ ಎದ್ದು ನಿಂತಳು.

"ಸಾಬಣ್ಣ, ಮಿಕ್ಕಿದ್ದೂ ಬುಡಪ್ಪ."

"ಭಾನುವಾರ ಬುಡ್ತೀನಿ ಕಣಮ್ಮ. ಈಗ ಮನೀಗೋಗು."

"ಅಲ್ಲೀಗಂಟ ಆ ತಾಯಿ ಏನ್ಲಾ ಮಾಡ್ಬೇಕು? ನೀನೇನೋ ಉಂಡು ಮನಿಕ್ಕತ್ತೀಯ. ಮಗ ಎದ್ದು ಬತ್ತಾನೆ ಅಂತ ನಿಂಗೊತ್ತು, ಡಬ್ಬದಲ್ಲಿ ಮಡಿಕ್ಕಂಡಿದ್ದೀಯ. ಅವಳ್ಗೊತ್ತೇನ್ಲಾ?"

"ಊಂ ಮತ್ತೆ!" ಎಂದಿತು ಹೆಂಗಸರ ಸಾಲು.

ಸಾಬರು ಗ್ರೇಸಮ್ಮನ ಮುಖ ನೋಡದೆ ರೀಲು ಹಾಕಿದರು. ಬರಿದಾದ ಸಮಾಧಿ ಕಂಡಿತು. ಕಥೆ ಹೇಳಬೇಕಾದ ಗ್ರೇಸಮ್ಮ ಬಾಯಿ ತೆರೆಯಲಿಲ್ಲ. "ಎದ್ದ ಕಣವ್ವ, ಎದ್ದ!" ಎಂದು ಹೆಂಗಸರೇ ಒಬ್ಬರಿಗೊಬ್ಬರು ಹೇಳಿಕೊಂಡರು. ಇದರಲ್ಲಿ ತಾಳ್ಮೆಯ ಮಾತು ಎಲ್ಲಿ ಬಂತು, ನೀವೇ ಹೇಳಿ.

ಅಲ್ಲಿಂದ ಅದೇ ಪದ್ಧತಿಯಾಯಿತು: ಎಲ್ಲವೂ ಶುಕ್ರವಾರವೇ. ಯುದ್ಧವೂ ಮುಗಿಯಿತು. ಗ್ರೇಸಮ್ಮನ ಮಗನ ಸುದ್ದಿ ಇನ್ನೂ ಇಲ್ಲ.

ಇವತ್ತು ಡೇರೆಯ ಹಿಂದೆ ಸಾಬರು ನನ್ನನ್ನು ಪಕ್ಕಕ್ಕೆ ಕರೆದರು.

"ನೀನು ಮಾತಾಡೋನು, ಟೀಚರಮ್ಮನ್ನ ನೀನೇ ಕೇಳಪ್ಪ. ಅವತ್ತು ಅವರಿಗೆ ಕೊಟ್ಟ ಮಾತು ತಪ್ಪಿದೆ. ಆ ಅಮ್ಮ ಹೂಂ ಅಂದ್ರೆ ಈ ಸಲ ಭಾನುವಾರಕ್ಕೇ ಇಡ್ತೀನಿ. ಹೆಂಗಸರ ಕೈಲಿ ಬೈಸ್ಕೊಳ್ಳೋಕೆ ನಾನಿದ್ದೀನಿ."

ಗ್ರೇಸಮ್ಮ ಪರದೆಯ ಪಕ್ಕ ತಮ್ಮ ಜಾಗದಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಯಾವ ಪಕ್ಷ ಕೊಟ್ಟರೂ ವಾದಿಸುವವನು ನಾನು. ಅವರೆದುರು ಯಾವ ಪಕ್ಷ ಹಿಡಿಯಬೇಕೆಂದೇ ತಿಳಿಯಲಿಲ್ಲ. ಕೇಳಿದೆ:

"ಟೀಚರ್, ಕೊನೆಯ ರೀಲು ಭಾನುವಾರಕ್ಕೆ ಇಡೋದಾ, ಇವತ್ತೇ ಹಾಕಿಸೋದಾ?"