ಹುಳು ಜ್ವರಕ್ಕೆ ಕೂತ ದಿನ

ಬಸ್ಸು ಮಾಂಬಳ್ಳಿ ಹತ್ತಿರ ಕೆಟ್ಟು ನಿಲ್ಲಬಹುದು. ಕೆಡದೆ ಬಂದರೂ ಕೊಳ್ಳೇಗಾಲದಲ್ಲಿ ಇಳಿದ ನನ್ನಾಕೆಗೆ ನಮ್ಮ ಮುಳ್ಳೂರಿನ ಕಡೆ ಬರುವ ಗಾಡಿ ಸಿಗದೆ ಹೋಗಬಹುದು. ಸಿಕ್ಕಿದ ಗಾಡಿ ನಮ್ಮ ಪಕ್ಕದ ಮನೆಯವರದೇ ಆಗಿದ್ದರೆ, ಅದರ ಎಡಗಡೆಯ ಎತ್ತು ನೀರು ಕಂಡಲ್ಲೆಲ್ಲ ಮಲಗುವ ಎತ್ತು. ಅಥವಾ ಅವಳ ತಂಗಿಯೇ ‘ಇನ್ನೆರಡು ದಿನ ಇರಕ್ಕ’ ಎಂದು ಸೆರಗು ಹಿಡಿದು ಕೂರಿಸಿಕೊಂಡಿರಬಹುದು. ತಂಗಿಯ ಊರು ಯಳಂದೂರು ಮೈಸೂರು ಸೀಮೆ, ನಾವು ಮದರಾಸು ಸರ್ಕಾರಕ್ಕೆ ಸೇರಿದವರು. ಎರಡೂ ಒಂದಾಗುತ್ತವಂತೆ ಎಂದು ಪೇಟೆಯಲ್ಲಿ ಮಾತು. ಅದು ಇವತ್ತು ಮಧ್ಯಾಹ್ನವೇ ಆಗಿಬಿಟ್ಟು, ಯಾವ ಸರ್ಕಾರದ ಬಸ್ಸು ಓಡಿಸುತ್ತಿದ್ದೇನೆಂದು ತಿಳಿಯದೆ ಡ್ರೈವರು ಮರದ ನೆರಳಲ್ಲಿ ಕೂತುಬಿಡಬಹುದು. ಇತ್ತ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೆಯ ಜ್ವರಕ್ಕೆ ಕೂತಿವೆ. ತಟ್ಟೆಗೆ ಹಲ್ಲಿ ಬೀಳಬಹುದು. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿಯಬಹುದು. ನಾನೇ ಸೀನಬಹುದು.

ಹೀಗೆ ಹದಿನಾಲ್ಕು ಬರೆದಿದ್ದೆ, ಹಳೆಯ ಪಂಚಾಂಗದ ಹಿಂದಿನ ರಟ್ಟಿನ ಮೇಲೆ. ಬರೆದಿಟ್ಟದ್ದು ಆಗುವುದಿಲ್ಲ ಎಂಬುದು ನನ್ನ ನಂಬಿಕೆ. ಕಷ್ಟಕ್ಕೂ ಒಂದಿಷ್ಟು ಸ್ವಾಭಿಮಾನ ಇರುತ್ತದೆ. ಮೊದಲೇ ಹೆಸರು ಕೂಗಿಸಿಕೊಂಡು ಅದು ಯಾರ ಮನೆಗೂ ಬರುವುದಿಲ್ಲ. ನನ್ನಾಕೆ ತಂಗಿಯ ಮನೆಗೆ ಹೋಗಿ ಮೂರು ದಿನವಾಗಿತ್ತು, ಇವತ್ತು ಬರಬೇಕಾಗಿತ್ತು. ಅಷ್ಟಕ್ಕೇ ಹದಿನಾಲ್ಕು. ಹದಿನೈದನೆಯದನ್ನು ಹುಡುಕುತ್ತ, ಹುಳುವಿನ ತಟ್ಟೆ ಜೋಡಿಸಿದ ಅಟ್ಟಣೆಯ ಕಾಲಿನ ಕೆಳಗಿರುವ ಹಿತ್ತಾಳೆ ಬಟ್ಟಲಿಗೆ ನೀರು ಹಾಕಲು ಬಗ್ಗಿದೆ. ಅದರ ಅಂಚಿನಲ್ಲಿ ಹೆಬ್ಬೆರಳಷ್ಟು ಅಗಲದ ಒಂದು ನೆಗ್ಗು ಇದೆ. ಆ ನೆಗ್ಗು ಕಂಡಿತು ನೋಡಿ, ಹದಿನೈದನೆಯದು ಮರೆತೇಹೋಯಿತು.

ಹುಳು ಸಾಕದವರು ನೀವಾಗಿದ್ದರೆ ಒಂದು ಮಾತು ಹೇಳಬೇಕು. ರೇಷ್ಮೆ ಹುಳು ಮೊಟ್ಟೆಯಿಂದ ಬಂದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಆ ಹೊತ್ತಿನಲ್ಲಿ ಹುಳು ತಿನ್ನುವುದಿಲ್ಲ, ಅಲುಗುವುದಿಲ್ಲ. ತಲೆಯೊಂದನ್ನು ಮೇಲೆತ್ತಿ, ಏನೋ ಮರೆತದ್ದನ್ನು ನೆನಪಿಸಿಕೊಳ್ಳುವವರ ಹಾಗೆ ನಿಂತಿರುತ್ತದೆ. ಉಳಿದ ದಿನಗಳಲ್ಲಿ ಸಾಕುವವರಿಗೆ ಉಸಿರಾಡಲು ಬಿಡುವಿಲ್ಲ: ಸೊಪ್ಪು ಕೊಯ್ಯಬೇಕು, ಹೆಚ್ಚಬೇಕು, ಹಾಕಬೇಕು, ಕಸ ತೆಗೆಯಬೇಕು. ಜ್ವರದ ದಿನ ಮಾತ್ರ ಸೊಪ್ಪಿಲ್ಲ, ಆದ್ದರಿಂದ ಕೆಲಸವಿಲ್ಲ. ಎರಡು ಕೈಯೂ ಖಾಲಿ ಇರುವುದು ಒಂದು ಬೆಳೆಗೆ ನಾಲ್ಕೇ ಸಲ.

ಬೇರೆ ಮನೆಗಳಲ್ಲಿ ಆ ಬಿಡುವಿಗೆ ಮಲಗುತ್ತಿದ್ದರು. ನನ್ನ ಸೋದರತ್ತೆಯ ಮನೆಯಲ್ಲಿ ಎಲ್ಲರೂ ಸುತ್ತ ಕೂತು ಒಬ್ಬರ ಪೊರೆ ಒಬ್ಬರು ನೋಡಬೇಕಾಗಿತ್ತು.

ಇದು ನನ್ನ ಮದುವೆಗೆ ಮುಂಚಿನ ಮಾತು. ನಾನು ಆಗ ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಮೇಷ್ಟ್ರು; ಇರುವುದು, ಉಣ್ಣುವುದು ಮುಳ್ಳೂರಿನ ಅತ್ತೆಯ ಮನೆಯಲ್ಲಿ. ಮನೆಗೆ ಮೂವರೇ: ಅತ್ತೆ, ಮಾವ, ನಾನು. ಅತ್ತೆಯದು ಸರಳವಾದ ತರ್ಕ. ಹುಳಕ್ಕೆ ನಾಲ್ಕು ಪೊರೆ, ಮನುಷ್ಯನಿಗೂ ನಾಲ್ಕು. ಮೊದಲನೆಯ ಜ್ವರಕ್ಕೆ ಮೈ: ಉಗುರು, ಹಲ್ಲು, ಊಟ, ನಿದ್ದೆ. ಎರಡನೆಯದಕ್ಕೆ ಬಾಯಿ, ಅಂದರೆ ಮಾತು. ಮೂರನೆಯದಕ್ಕೆ ಕೈಕೆಲಸ. ನಾಲ್ಕನೆಯದಕ್ಕೆ ನೆಂಟಸ್ತನ: ಯಾರ ಮನೆಗೆ ಹೋಗಲಿಲ್ಲ, ಯಾರ ಮೇಲೆ ಮುನಿಸು ಇಟ್ಟುಕೊಂಡಿದ್ದೀಯ. ಪ್ರತಿಯೊಬ್ಬರಿಗೂ ಉಳಿದಿಬ್ಬರು ಒಂದೊಂದು ತಪ್ಪು ಹೇಳಬೇಕು. ಮುಂದಿನ ಬೆಳೆಯ ಅದೇ ಜ್ವರದ ಹೊತ್ತಿಗೆ ಅದು ಬಿಟ್ಟಿರಬೇಕು.

ಇದರಲ್ಲಿ ಒಂದು ತೊಡಕಿತ್ತು. ಜ್ವರಕ್ಕೆ ಕೂತ ಹುಳು ಸದ್ದಿಗೆ ಬೆಚ್ಚುತ್ತದೆ ಎಂಬುದು ಅತ್ತೆಯ ಗಟ್ಟಿ ನಂಬಿಕೆ. ಆದ್ದರಿಂದ ಈ ವಿಚಾರಣೆಯೆಲ್ಲ ಪಿಸುಮಾತಿನಲ್ಲಿ. ‘ನಿನ್ನಷ್ಟು ಸೋಮಾರಿ ಈ ಹೋಬಳಿಯಲ್ಲೇ ಇಲ್ಲ’ ಎನ್ನುವುದನ್ನು ಕಿವಿಯ ಬಳಿ ಬಂದು, ಗುಟ್ಟು ಹೇಳುವ ಹಾಗೆ ಹೇಳಿದರೆ ಹೇಗಿರುತ್ತದೆ, ಯೋಚಿಸಿ. ಕೋಪ ಬರುವುದಿಲ್ಲ. ಬಂದರೂ ಪಿಸುಗುಟ್ಟುತ್ತ ಕೋಪಿಸಿಕೊಳ್ಳುವವನ ಮುಖ ನೋಡಿದರೆ ನಗು ಬರುತ್ತದೆ, ಆ ನಗುವನ್ನೂ ನುಂಗಬೇಕು. ತಡೆಯಲಾಗದವರು ಹಿತ್ತಲಿಗೆ ಹೋಗಿ ನಕ್ಕು ಬರಬಹುದೆಂದು ಅತ್ತೆಯೇ ರಿಯಾಯಿತಿ ಕೊಟ್ಟಿದ್ದರು.

ಮಾವನ ತಪ್ಪು ನಶ್ಯ. ಬಿಡಲು ಅವರು ಪ್ರಾಮಾಣಿಕವಾಗಿ ಹೆಣಗಿದರು. ಡಬ್ಬಿಯನ್ನು ಸೊಂಟದಿಂದ ಗೋಡೆಯ ಗೂಡಿಗೆ, ಮುಂದಿನ ಬೆಳೆಗೆ ಕೊಟ್ಟಿಗೆಗೆ, ಅದರ ಮುಂದಿನದಕ್ಕೆ ತೋಟದ ಬಾವಿಯ ಕಟ್ಟೆಗೆ ಸಾಗಿಸಿದರು. ದಿನಕ್ಕೆ ಹನ್ನೆರಡು ಸಲ ಬಾವಿಗೆ ನಡೆದು ನಡೆದು ಅವರ ಮಂಡಿನೋವು ಹೋಯಿತು. ‘ನಶ್ಯ ಬುಡ್ನಿಲ್ಲ, ಮಂಡಿನೋವು ಬುಟ್ಟದೆ’ ಎಂದು ಅತ್ತೆ ಅದನ್ನೂ ಪೊರೆ ಬಿಟ್ಟ ಲೆಕ್ಕಕ್ಕೇ ಸೇರಿಸಿದರು. ಒಂದು ಸಲ ಮಾವ ಧೈರ್ಯ ಮಾಡಿ, ನೀನು ಬರೀ ನಮ್ಮಿಬ್ಬರ ತಪ್ಪು ಹೇಳುತ್ತೀಯ, ಅದೇ ನಿನ್ನ ತಪ್ಪು ಎಂದು ಪಿಸುಗುಟ್ಟಿದರು. ಅತ್ತೆ ಒಪ್ಪಿಕೊಂಡರು. ಮುಂದಿನ ಬೆಳೆಗೆ ನಿಜಕ್ಕೂ ಬದಲಾಗಿದ್ದರು: ತಪ್ಪು ಹೇಳುತ್ತಿರಲಿಲ್ಲ, ಸುಮ್ಮನೆ ನಮ್ಮನ್ನೇ ನೋಡುತ್ತಿದ್ದರು. ಎರಡೇ ದಿನಕ್ಕೆ ಮಾವ ಕೈಮುಗಿದು, ಹಳೆಯ ಪೊರೆಯೇ ವಾಸಿ ಎಂದರು.

ನಾನು ಹೊಸದಾಗಿ ಬಂದಾಗ ಮಹಾ ಉತ್ಸಾಹ. ನಾಲ್ಕನ್ನೂ ಒಂದೇ ದಿನ ಮುಗಿಸುತ್ತೇನೆಂದು ಹೊರಟೆ. ಕೋಳಿಗಿಂತ ಮೊದಲು ಎದ್ದು ದಂಡ ಹೊಡೆದೆ, ಕಾಫಿ ಬಿಟ್ಟೆ, ಅಳೆದು ಮಾತಾಡಿದೆ, ಮಾತು ಬಿಟ್ಟಿದ್ದ ದಾಯಾದಿಯೊಬ್ಬನನ್ನು ಕಾಣಲು ಸೈಕಲ್ಲಿನಲ್ಲಿ ಹೋದೆ. ಸಂಜೆಗೆ ಮೈಕೈ ಹಿಡಿದುಕೊಂಡು ಅದೇ ದಾಯಾದಿಯ ಜಗುಲಿಯಲ್ಲಿ ಮಲಗಿದವನು ಮೂರನೆಯ ದಿನ ಅವನ ಗಾಡಿಯಲ್ಲೇ ವಾಪಸು ಬಂದೆ. ಅತ್ತೆ ಕಷಾಯ ಕೊಟ್ಟು, ‘ಹುಳಾನೇ ಒಂದೇ ಏಟ್ಗೆ ನಾಕು ಪೊರೆ ಬುಡಾಕಿಲ್ಲ. ನೀನ್ಯಾವ ದೊಡ್ ಹುಳ ಕಣ್ಲಾ?’ ಎಂದರು.

ಕ್ರಮೇಣ ಮೈ ಬಿಟ್ಟಿತು, ಕೈ ಬಿಟ್ಟಿತು, ನೆಂಟಸ್ತನವೂ ನೇರವಾಯಿತು. ಬಾಯಿ ಮಾತ್ರ ಬಿಡಲಿಲ್ಲ. ನನ್ನ ಬಾಯಲ್ಲಿ ಎರಡು ಪದ ಅಂಟಿಕೊಂಡಿದ್ದವು: ‘ಏನಾದ್ರೂ ಆದ್ರೆ?’ ಅದು ಪಿತ್ರಾರ್ಜಿತ. ನಮ್ಮಪ್ಪನ ಊರು ಕಾಡಂಚಿನ ಲೊಕ್ಕನಹಳ್ಳಿ. ಅಲ್ಲಿ ಏನಾದರೂ ಆದರೆ ಎಂದು ಯೋಚಿಸದವನ ಹೊಲವನ್ನು ಆನೆ ಯೋಚಿಸದೆ ಮೇಯುತ್ತದೆ. ಆದರೆ ಮುಳ್ಳೂರಿನ ಬಯಲಲ್ಲಿ ಆನೆ ಇರಲಿಲ್ಲ, ಆನೆಯ ಭಯ ಮಾತ್ರ ನನ್ನ ಜೊತೆ ಬಂದಿತ್ತು. ಮಳೆ ಬಂದರೂ ಅದೇ ಮಾತು, ಬಿಸಿಲಾದರೂ ಅದೇ. ಹಪ್ಪಳ ಒಣಹಾಕಿದರೂ ‘ಏನಾದ್ರೂ ಆದ್ರೆ?’

ಯಳಂದೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಚಪ್ಪರದ ಕಂಬವೊಂದು ವಾಲಿದ ಹಾಗೆ ಕಂಡು, ಅನ್ನ ಬಡಿಸುತ್ತಿದ್ದ ಹುಡುಗಿಯನ್ನು, ಇದು ಬಿದ್ದರೆ ಏನು ಗತಿ ಎಂದು ಕೇಳಿದೆ. ಅವಳು ಪಾತ್ರೆಯನ್ನು ಸೊಂಟಕ್ಕಿಟ್ಟು ಕಂಬವನ್ನು ನೋಡಿದಳು, ನನ್ನನ್ನು ನೋಡಿದಳು.

‘ಬಿದ್ರೆ ಎಲ್ರ ಮೇಲೂ ಬೀಳ್ತದೆ, ನಿಮ್ಮೊಬ್ರ ಮೇಲೇ ಅಲ್ಲ. ಉಣ್ಣಿ.’

ಉಂಡೆ. ಮೂರು ಸಲ ಅನ್ನ ಹಾಕಿಸಿಕೊಂಡೆ. ಅಷ್ಟು ನಿಶ್ಚಿಂತೆಯಿಂದ ನಾನು ಅದಕ್ಕೆ ಮೊದಲು ಎಂದೂ ಉಂಡಿರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ಎಲೆ ಎತ್ತುವ ಮುಂಚೆಯೇ ತೀರ್ಮಾನವಾಗಿತ್ತು.

ಅತ್ತೆ ಒಪ್ಪಿದರು, ಒಂದು ಷರತ್ತಿನ ಮೇಲೆ. ನಾಲ್ಕೂ ಪೊರೆ ಬಿಟ್ಟ ಹುಳುವೇ ಗೂಡು ಕಟ್ಟುವುದು. ನನ್ನ ಬಾಯಿ ಸರಿಹೋಗುವ ತನಕ ಮದುವೆಯ ಮಾತಿಲ್ಲ. ಈ ಬೆಳೆಯ ಎರಡನೆಯ ಜ್ವರದಿಂದ ಹಿಡಿದು, ಹುಳು ನಾಲ್ಕನೆಯದರಿಂದ ಏಳುವ ತನಕ ಆ ಎರಡು ಪದ ಬಾಯಿಂದ ಬರಕೂಡದು. ಬಂದರೆ ಮುಂದಿನ ಬೆಳೆ. ಆದರೆ ಮುಂದಿನ ಬೆಳೆಯ ತನಕ ಯಳಂದೂರು ಕಾಯುವ ಹಾಗಿರಲಿಲ್ಲ. ಹನೂರಿನಿಂದಲೂ ಒಂದು ಸಂಬಂಧ ಬಂದಿತ್ತು: ಎರಡು ಜೊತೆ ಎತ್ತು, ಹೆಂಚಿನ ಮನೆ, ಯಾವುದಕ್ಕೂ ಹೆದರದ ಹುಡುಗ. ಹುಡುಗಿಯ ಅಜ್ಜಿ ಎರಡೂ ಮನೆ ನೋಡಿ ಒಂದನ್ನು ಆರಿಸುವುದೆಂದು ಮಾತಾಗಿತ್ತು.

ನಾನು ಬಾಯಿ ಮುಚ್ಚಿದೆ. ಅದು ಎಷ್ಟು ಕಷ್ಟ ಎಂದು ಚಿಂತೆ ಮಾಡುವವರಿಗೇ ಗೊತ್ತು. ಶಾಲೆಯಲ್ಲಿ ‘ಸಾ, ಬಳಪ ನುಂಗ್ಬುಟ್ಟೆ’ ಎಂದು ಒಬ್ಬ ಬಂದು ನಿಂತಾಗಲೂ ತುಟಿ ಕಚ್ಚಿಕೊಂಡು, ಚೆನ್ನಾಗಿ ನೀರು ಕುಡಿ ಎಂದೆ.

ಅಜ್ಜಿ ಬಂದದ್ದು ಸರಿಯಾಗಿ ನಾಲ್ಕನೆಯ ಜ್ವರದ ದಿನ. ಬೇಕೆಂದೇ ಅದೇ ದಿನ ಆರಿಸಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಗಾಡಿಯಿಂದ ಇಳಿದು ಕಾಲು ತೊಳೆದುಕೊಂಡವರು ಹೊಸಲಿನಿಂದಲೇ ಪಿಸುಗುಟ್ಟತೊಡಗಿದರು. ಅತ್ತೆಯ ಮುಖ ಅರಳಿತು. ಅಟ್ಟಣೆಯ ಪಕ್ಕದಲ್ಲೇ ಚಾಪೆ ಹಾಸಿ, ಮುಂದೆ ಒಂದು ಚೊಂಬು ಬೆಲ್ಲದ ಪಾನಕ ಇಟ್ಟರು. ಅಜ್ಜಿ ತಟ್ಟೆಗಳ ಮೇಲೆ ಕಣ್ಣಾಡಿಸಿ, ಮದ್ರಾಸಿನೋರ ಹುಳವೂ ನಮ್ಮ ಹುಳದ ಹಾಗೆಯೇ ತಲೆ ಎತ್ತುತ್ತವಲ್ಲ ಎಂದು ಮೆಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ನಮ್ ಕೂಸು ಈ ಮನ್ಗೆ ಬಂದ್ರೆ ನಿಂಗೇನಾರ ಯೋಚ್ನೆ ಅದಾ ಮಗ?’

ನಲವತ್ತು ಇದ್ದವು. ‘ಏನೂ ಇಲ್ಲಜ್ಜಿ’ ಎಂದೆ.

ಹಾಗೆಂದು ಕಣ್ಣು ತಗ್ಗಿಸಿದವನಿಗೆ ಅಟ್ಟಣೆಯ ಕಾಲು ಕಂಡಿತು. ಇರುವೆ ಹತ್ತದಿರಲೆಂದು ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟಿರುತ್ತೇವೆ. ಮೂಲೆಯ ಹಿತ್ತಾಳೆ ಬಟ್ಟಲು ಒಣಗಿತ್ತು. ಒಂದು ಸಾಲು ಕೆಂಪಿರುವೆ ಅದರೊಳಗಿಳಿದು, ಕಾಲು ಹತ್ತಿ, ಮೊದಲನೆಯ ತಟ್ಟೆಗೆ ಒಂದು ಗೇಣು ಕೆಳಗಿತ್ತು. ಮೇಲೆ ಸಾವಿರಾರು ಹುಳು, ಒಂದೂ ಅಲುಗಲಾರದು.

ನೀವು ಕೇಳುತ್ತೀರಿ, ‘ಇರುವೆ’ ಎಂದಿದ್ದರೆ ಸಾಕಿತ್ತಲ್ಲ ಎಂದು. ಸಾಕಿತ್ತು. ಆದರೆ ನನ್ನ ಬಾಯಿಗೆ ಅಪಾಯದ ಕಡೆ ಹೋಗಲು ಗೊತ್ತಿದ್ದದ್ದು ಒಂದೇ ದಾರಿ, ಆ ದಾರಿಗೆ ಅತ್ತೆ ಬೇಲಿ ಹಾಕಿದ್ದರು. ಮಾತು ಹೊರಡಲಿಲ್ಲ, ಕೈ ಹೊರಟಿತು. ಅಜ್ಜಿಯ ಮುಂದಿದ್ದ ಚೊಂಬನ್ನು ಎತ್ತಿ ಬಟ್ಟಲಿಗೆ ಸುರಿದೆ. ಚೊಂಬು ಜಾರಿ, ಬಟ್ಟಲಿನ ಅಂಚಿಗೆ ಠಣ್ಣೆಂದು ಬಡಿದು ನೆಗ್ಗು ಬಿತ್ತು. ಎಲ್ಲರೂ ಹುಳುವಿನ ಕಡೆ ನೋಡಿದರು. ಅವು ತಲೆ ಎತ್ತಿಕೊಂಡು ಹಾಗೆಯೇ ಇದ್ದವು.

ಆಗ ಏಲಕ್ಕಿಯ ಪರಿಮಳ ಬಂತು. ಇರುವೆಗೆ ತಡೆಯಾಗಲೆಂದು ನಾನು ಹೊಯ್ದದ್ದು ಬೆಲ್ಲದ ಪಾನಕ.

ಇರುವೆಗಳು ಒಂದು ಗಳಿಗೆ ನಿಂತವು. ನಂಬಲಾಗಲಿಲ್ಲವೋ ಏನೋ. ಆಮೇಲೆ ತಮ್ಮ ಬಂಧುಬಳಗಕ್ಕೆಲ್ಲ ಹೇಳಿಕಳಿಸಿದವು. ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ಎದ್ದರು. ಅತ್ತೆಯೂ ಎದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಸರಸರನೆ ಹಿತ್ತಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ನಗು ಕೇಳಿತು, ನಿಂತಿತು, ಮತ್ತೆ ಕೇಳಿತು. ನಾನು ಒಳಗೆ ಒದ್ದೆ ಬಟ್ಟೆಯಲ್ಲಿ ಇರುವೆ ಒರೆಸುತ್ತ, ಒಲೆಯ ಬೂದಿ ಸುರಿಯುತ್ತ, ಹನೂರಿನವನ ಎತ್ತುಗಳ ಗೆಜ್ಜೆ ಕೇಳಿಸಿಕೊಳ್ಳುತ್ತಿದ್ದೆ. ಮಾವ ಹತ್ತಿರ ಬಂದು ನಶ್ಯದ ಡಬ್ಬಿ ಮುಂದೆ ಹಿಡಿದರು. ಸಾವಿನ ಮನೆಯಲ್ಲಿ ಮಾತ್ರ ಅವರು ಅದನ್ನು ಬೇರೆಯವರಿಗೆ ಕೊಡುತ್ತಿದ್ದದ್ದು.

ಅಜ್ಜಿ ಕಣ್ಣೊರೆಸಿಕೊಂಡು ಬಂದು ಕೂತರು. ಹೋದ ವಾರ ಹನೂರಿಗೆ ಹೋಗಿದ್ದರಂತೆ. ಅಲ್ಲಿಯೂ ಅಟ್ಟಣೆಗೆ ಇರುವೆ ಹತ್ತುತ್ತಿತ್ತಂತೆ.

‘ಆ ಹೈದ ಇರುವೆ ನೋಡ್ನಿಲ್ಲ. ಎತ್ತಿನ ಬಡಾಯಿ ಕೊಚ್ಕತಾ ಕೂತಿದ್ದ. ಇವ್ನು ನೋಡ್ದ. ಎದರ್ದೇ ಇರೋನ ಮನೇಲಿ ಹುಳ ಉಳಿಯಾಕಿಲ್ಲ ಕಣವ್ವ.’

ಅತ್ತೆ ತಮ್ಮ ಧರ್ಮ ಬಿಡಲಿಲ್ಲ. ನನ್ನ ಹೆದರಿಕೆ ‘ಬಾಯಿಂದ ಓಯ್ತು, ಕೈಗೆ ಬಂತು’ ಎಂದು ತೀರ್ಪು ಕೊಟ್ಟರು. ಉಳಿದದ್ದನ್ನು ಬಿಡಿಸಲು ನಮ್ಮ ಕೂಸು ಬರುತ್ತಾಳಲ್ಲ ಎಂದರು ಅಜ್ಜಿ.

ಬಂದಳು. ಅತ್ತೆ ಮಾವ ಹೋದ ಮೇಲೂ ಈ ಮನೆಯಲ್ಲಿ ಜ್ವರದ ದಿನದ ಪಿಸುಮಾತು ನಿಂತಿಲ್ಲ. ಅವಳ ಕೋಪವನ್ನು ನಾನು ಒಂದಿಷ್ಟು ಸವೆಸಿದ್ದೇನೆ, ನನ್ನ ಗೊರಕೆಯನ್ನು ಅವಳು ಎಡಮಗ್ಗುಲಿಗೆ ತಿರುಗಿಸಿದ್ದಾಳೆ. ಬಾಯಿಯ ಪೊರೆ ಮಾತ್ರ ಪ್ರತಿ ಬೆಳೆಗೂ ಮುಂದಿನ ಬೆಳೆಗೆ ಹೋಗುತ್ತದೆ.

ಇವತ್ತು ಬಸ್ಸು ಕೆಡಲಿಲ್ಲ. ಗಾಡಿ ಸಿಕ್ಕಿತು, ಎತ್ತು ಮಲಗಲಿಲ್ಲ, ಎರಡು ಸೀಮೆಗಳೂ ಬೆಳಿಗ್ಗೆ ಇದ್ದ ಹಾಗೆಯೇ ಇದ್ದವು. ಇರುವೆಗೆ ಹೆದರಿ ಬೆಲ್ಲದ ಮಡಕೆಯನ್ನು ನಾನು ಮೊನ್ನೆಯೇ ಸೂರಿನಿಂದ ತೂಗುವ ನೆಲುವಿಗೆ ಏರಿಸಿದ್ದೆ. ಹುಳುವಿಗೆ ಒಂದೂ ಇರುವೆ ಬರಲಿಲ್ಲ. ಅವಳು ಕಾಲು ತೊಳೆದು ಒಳಗೆ ಬಂದು, ತಟ್ಟೆಗಳನ್ನು ನೋಡಿ, ಬಟ್ಟಲುಗಳನ್ನು ನೋಡಿ, ತಲೆಯಾಡಿಸಿದಳು. ನಾನು ಏಲಕ್ಕಿ ಜಜ್ಜಿ, ನಿಂಬೆ ಹಿಂಡಿ, ಅವಳಿಗಾಗಿ ಮಾಡಿಟ್ಟಿದ್ದ ಪಾನಕ ಕೊಟ್ಟೆ. ಒಂದು ಲೋಟ ಕುಡಿದಳು. ಇನ್ನೊಂದು ಕೊಡಿ ಎಂದಳು.

ಮೂರು ದಿನ ಒಂದು ಸಲವೂ ‘ಏನಾದ್ರೂ ಆದ್ರೆ’ ಅನ್ನಲಿಲ್ಲ ಎಂದು ಪಿಸುಮಾತಿನಲ್ಲಿ ಜಂಬ ಕೊಚ್ಚಿಕೊಂಡೆ.

‘ಯಾರತ್ರ ಅಂತಿದ್ರಿ? ಮನೇಲಿ ಯಾರಿದ್ರು?’

ಅಷ್ಟರಲ್ಲಿ ಅವಳ ಕಣ್ಣಿಗೆ ಪಂಚಾಂಗದ ರಟ್ಟು ಬಿತ್ತು. ಹದಿನಾಲ್ಕನ್ನೂ ಓದಿದಳು. ಓದುತ್ತ ಓದುತ್ತ ಕೈ ಸೆರಗಿಗೆ ಹೋಯಿತು, ಸೆರಗು ಬಾಯಿಗೆ ಹೋಯಿತು. ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಸೌದೆಯ ಹೊರೆಯ ಮೇಲೆ ಕೂತು ನಕ್ಕಳು. ಯಾಕೆ ಎಂದು ನಾನು ಕೇಳಲಿಲ್ಲ. ನಾನೂ ನಕ್ಕೆ. ಅಂದು ಅಜ್ಜಿ, ಅತ್ತೆ ನಿಂತಿದ್ದ ಜಾಗ ಅದು. ಅಂದು ಒಳಗೆ ಇರುವೆ ಒರೆಸುತ್ತಿದ್ದವನು ಇವತ್ತು ಹೊರಗೆ ಬಂದಿದ್ದೆ. ಕೋಳಿಗಳು ಬೇಲಿ ಹಾರಿದವು. ಪಕ್ಕದ ಮನೆಯವರು ಇಣುಕಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, ಇನ್ನು ನಗಲಾರೆ ಎನ್ನುವಷ್ಟು ನಕ್ಕ ಮೇಲೆ, ಅಂಥದ್ದೇನಾಯಿತು, ಹದಿನಾಲ್ಕರಲ್ಲಿ ಒಂದೂ ಆಗಲಿಲ್ಲವಲ್ಲ ಎಂದು ಕೇಳಿದೆ.

‘ಪಾನಕಕ್ಕೆ ಬೆಲ್ಲಾನೇ ಹಾಕಿಲ್ವಲ್ರೀ’ ಎಂದಳು.