ಇಬ್ಬರು ಬರುತ್ತಿದ್ದಾರೆ

ನಮ್ಮ ಮಿಜೋ ಬೆಟ್ಟಗಳಲ್ಲಿ ಸಾವಿನ ಸುದ್ದಿ ಒಂಟಿಯಾಗಿ ಬರುವುದಿಲ್ಲ. ನಮ್ಮೂರಿಗೆ ಟೆಲಿಫೋನು ಇನ್ನೂ ಬಂದಿರದ ದಿನಗಳವು. ಯಾರಾದರೂ ತೀರಿಕೊಂಡರೆ ಆ ಊರಿನ ಇಬ್ಬರು ಗಂಡಸರು ಜೊತೆಯಾಗಿ ಹೊರಟು ದೂರದ ನಂಟರಿಗೆ ತಿಳಿಸಬೇಕು. ಹಾಗಾಗಿ ಬೆನ್ನ ಮೇಲೆ ಬುಟ್ಟಿಯಿಲ್ಲದೆ ಇಬ್ಬರು ಬಿರುಸಾಗಿ ನಡೆದು ಬರುವುದು ಕಂಡರೆ ಸಾಕು, ಒಲೆಯ ಮುಂದಿರುವ ಹೆಂಗಸಿನ ಕೈ ನಿಂತುಬಿಡುತ್ತದೆ.

ಆ ಮಧ್ಯಾಹ್ನ ಅವರನ್ನು ಮೊದಲು ಕಂಡವಳು ನಾನೇ. ಎದುರು ಬೆಟ್ಟದ ನೆತ್ತಿಯಲ್ಲಿ ಎರಡು ಚುಕ್ಕಿಗಳು. ಅಲ್ಲಿಂದ ತೊರೆಗೆ ಇಳಿದು ನಮ್ಮೂರಿಗೆ ಹತ್ತಲು ಗಂಟೆಗೂ ಹೆಚ್ಚು ಹೊತ್ತು ಬೇಕು. ನನ್ನ ಮನಸ್ಸು ಓಡಿದ್ದು ಪಕ್ಕದ ಮನೆಯ ಖುಮಿಯ ಕಡೆಗೆ. ಅವಳ ಒಬ್ಬಳೇ ಮಗಳು ಸಂಗ್‌ಪುಯಿ, ತುಂಬಿದ ಬಸುರಿ, ನಾಲ್ಕು ದಿನದ ಹಿಂದೆ ರಕ್ತ ಹೋಗಿ ಪ್ರಜ್ಞೆ ತಪ್ಪಿದ್ದಳು. ಊರಿನ ಗಂಡಸರು ಅವಳನ್ನು ಕುರ್ಚಿಗೆ ಕಟ್ಟಿ ಹೊತ್ತುಕೊಂಡು, ಅದೇ ದಾರಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಒಯ್ದಿದ್ದರು. ಗಂಡನೂ ಜೊತೆಗೆ ಹೋಗಿದ್ದ. ಆಮೇಲೆ ಒಂದು ಸುದ್ದಿಯೂ ಇಲ್ಲ.

ಓಡಿ ಹೋದೆ. ಖುಮಿ ಒಲೆಯ ಮುಂದೆ ಅಕ್ಕಿ ಅಳೆಯುತ್ತಿದ್ದಳು.

"ಖುಮಿ, ಇಬ್ಬರು ಬರ್ತಾ ಇದಾರೆ."

ಅವಳು ಎದ್ದು ಜಗಲಿಗೆ ಬಂದು ನೋಡಿದಳು. ಮುಖ ಬೂದಿಯಾಯಿತು. ಆಮೇಲೆ ಒಳಗೆ ಹೋಗಿ ಮತ್ತೆ ಅಕ್ಕಿಯ ಮುಂದೆ ಕೂತಳು. ಒಂದು ಹಿಡಿ ತೆಗೆದು, ಚರ್ಚಿನ ಪಾಲಿನ ಡಬ್ಬಕ್ಕೆ ಹಾಕಿದಳು. ಪ್ರತಿ ಅಡುಗೆಗೂ ಒಂದು ಹಿಡಿ ದೇವರಿಗೆಂದು ನಾವೆಲ್ಲ ಎತ್ತಿಡುತ್ತೇವೆ, ಆದರೆ ಇಂಥ ಗಳಿಗೆಯಲ್ಲೂ ಎತ್ತಿಡುತ್ತಾರೆಯೇ? ನನಗೆ ಮೈಯೆಲ್ಲ ಉರಿಯಿತು.

"ನಿನಗೇನು ಎದೆ ಇದೆಯೋ, ಕಲ್ಲಿದೆಯೋ? ಯಾರಿಗೆ ಈ ಅಡುಗೆ?"

"ಇಬ್ಬರು ಬರ್ತಾ ಇದಾರಲ್ಲ, ರೆಮಾನ ಅಮ್ಮ. ದೂರದಿಂದ ನಡೆದವರು. ಹಸಿದಿರ್ತಾರೆ."

ಖುಮಿ ಮೊದಲಿನಿಂದಲೂ ಹೀಗಿರಲಿಲ್ಲ. ಅವಳಷ್ಟು ಹೆದರುಪುಕ್ಕಲಿ ಈ ಬೆಟ್ಟದಲ್ಲೇ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳುತ್ತೇನೆ. ಗಂಡ ವನಾ ಮರ ಕಡಿಯಲು ಕಾಡಿಗೆ ಹೋದರೆ ಸಂಜೆಯವರೆಗೂ ಬಾಗಿಲಲ್ಲೇ ನಿಲ್ಲುವಳು. ಕರಡಿ, ಹಾವು, ಉರುಳುವ ದಿಮ್ಮಿ, ಒಂದೊಂದಾಗಿ ಎಣಿಸುವಳು. ಅವನು ನಗುತ್ತ ಬಂದರೆ, ತಡವಾಯಿತೆಂದು ಬೈದು ಮುಖ ತಿರುಗಿಸುವಳು. ಹದಿನೆಂಟು ವರ್ಷ ಹೀಗೇ ಕಳೆಯಿತು. ಕೊನೆಗೆ ವನಾನನ್ನು ಕರಡಿಯೂ ಮುಟ್ಟಲಿಲ್ಲ, ಮರವೂ ಅವನ ಮೇಲೆ ಬೀಳಲಿಲ್ಲ. ಒಂದು ಬೆಳಗ್ಗೆ ಅವಳ ಪಕ್ಕದಲ್ಲಿ ಮಲಗಿದ್ದವನು ಏಳಲಿಲ್ಲ.

ಆಮೇಲೆ ಒಂದು ಭಾನುವಾರ ಹೆಂಗಸರ ಸಭೆಯಲ್ಲಿ ಅವಳು ಎದ್ದು ನಿಂತು ಹೇಳಿದ್ದು ನನಗೆ ನೆನಪಿದೆ. "ಅವನು ಬದುಕಿದ್ದಷ್ಟು ದಿನ, ಸತ್ತುಹೋಗ್ತಾನೆ ಅಂತ ಹೆದರಿಯೇ ಕಳೆದೆ. ಯೇಸು ದಿನಾ ಸಂಜೆ ಅವನನ್ನ ಬಾಗಿಲಿಗೆ ತಂದು ಬಿಡ್ತಿದ್ದ. ನಾನು ಒಂದು ದಿನವೂ ಕೈಚಾಚಿ ತಗೊಳ್ಳಲಿಲ್ಲ." ಅಳಲಿಲ್ಲ, ಕೂತುಕೊಂಡಳು. ಅಂದಿನಿಂದ ಅವಳು ಬದಲಾದಳು. ಅದು ನನಗೆ ಅರ್ಥವಾಗಿರಲಿಲ್ಲ. ಸುಮ್ಮನೆ ಮಾತು ಅಂದುಕೊಂಡಿದ್ದೆ.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಜಗಲಿ ತುಂಬಿದರು. ಒಬ್ಬಳಂತೂ ಹೆಣಕ್ಕೆ ಹೊದಿಸುವ ಬಟ್ಟೆ ಎಲ್ಲಿದೆಯೆಂದು ನನ್ನ ಕಿವಿಯಲ್ಲಿ ಕೇಳಿದಳು. ಆ ಇಬ್ಬರು ತೊರೆ ದಾಟಿದ್ದು ಕಂಡಿತು. ಒಳಗೆ ಖುಮಿ ಸೊಪ್ಪು ಬೇಯಿಸಿ, ಹೊಗೆಯಲ್ಲಿ ಒಣಗಿದ ಹಂದಿಮಾಂಸವನ್ನು ತುಂಡು ಮಾಡುತ್ತಿದ್ದಳು. ಕತ್ತಿ ಒಮ್ಮೆ ಬೆರಳಿಗೆ ತಗುಲಿತು. ಬೆರಳನ್ನು ಬಾಯಿಗಿಟ್ಟುಕೊಂಡು ಮತ್ತೆ ಹೆಚ್ಚಿದಳು.

"ಹೆದರಿಕೆ ಆಗ್ತಿಲ್ವೇನೇ?" ಎಂದೆ.

"ಹೊಟ್ಟೆಯೊಳಗೆ ಬೆಂಕಿ ಬಿದ್ದಿದೆ ಕಣೇ."

"ಮತ್ತೆ?"

"ಅವರು ಬಾಯಿ ಬಿಡೋವರೆಗೂ ನನ್ನ ಸಂಗ್‌ಪುಯಿ ಬದುಕೇ ಇದಾಳೆ. ಈ ಒಂದು ಗಂಟೆ ಅವಳ ತಾಯಿಯಾಗಿ ಒಲೆ ಮುಂದೆ ಕೂರೋಕೆ ದೇವರು ಕೊಟ್ಟಿದಾನೆ. ಇದನ್ನೂ ಬಾಗಿಲಲ್ಲಿ ನಿಂತು ಕಳೀಲಾ? ಇವತ್ತಿನ ಅನ್ನ ಇವತ್ತು ಕೊಡು ಅಂತ ತಾನೇ ದಿನಾ ಬೇಡೋದು. ಕೊಟ್ಟಿದಾನೆ. ಬೇಯಿಸ್ತಾ ಇದೀನಿ. ಉಪ್ಪು ನೋಡು, ನನಗೆ ರುಚಿ ಗೊತ್ತಾಗ್ತಿಲ್ಲ."

ನಾನು ಉಪ್ಪು ನೋಡಲಿಲ್ಲ. ಅವಳಿಗಾಗಿ ಅಳಲು ಜಗಲಿಗೆ ಹೋದೆ. ಅಳುವುದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತು, ಸುಳ್ಳು ಏಕೆ ಹೇಳಲಿ.

ಕೊನೆಯ ಏರಿನಲ್ಲಿ ಅವರ ಮುಖ ಕಂಡಿತು. ಗುರುತಿನವರಲ್ಲ. ದಾರಿಯಲ್ಲಿ ಸಿಗುವ ಮೊದಲ ಮನೆ ಖುಮಿಯದು. ಅವಳು ಉಟ್ಟ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಇಬ್ಬರೂ ಹತ್ತಿರ ಬಂದರು. ಒಬ್ಬ ಟೋಪಿ ತೆಗೆದ. "ರೆಮಾನ ಅಮ್ಮನ ಮನೆ ಯಾವುದು?" ಎಂದು ಕೇಳಿದ.

ರೆಮಾ ನನ್ನ ಮಗ. ಎದುರು ಬೆಟ್ಟದಾಚೆಯ ಊರಿನಲ್ಲಿ ನನ್ನ ತಮ್ಮ ಬಿಯಾಕಾ ಇದ್ದ. ಹಿಂದಿನ ಸಂಜೆ ಬಂಡೆ ಉರುಳಿ ಅವನು ಹೋಗಿಬಿಟ್ಟಿದ್ದ. ನನ್ನ ಮನೆಗೆ ಬರುತ್ತಿದ್ದ ಸಾವನ್ನು ಇಡೀ ಗಂಟೆ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಕಾದಿದ್ದೆ.

ಖುಮಿ ಆ ಇಬ್ಬರಿಗೆ ಬಡಿಸಿ ನನ್ನ ಮನೆಗೆ ಬಂದಳು. ನಾನು ಅವಳ ತೋಳನ್ನು ಉಗುರು ಇಳಿಯುವಂತೆ ಹಿಡಿದೆ. "ನಿನ್ನ ಮನೆಗಲ್ಲ ಅಂತ ಗೊತ್ತಾದಾಗ ಏನನ್ನಿಸ್ತು? ನಿಜ ಹೇಳು."

"ದೇವರೇ ಸ್ತೋತ್ರ ಅಂದೆ," ಎಂದಳು. "ಬಾಯಿಂದ ಬಂದುಬಿಡ್ತು. ಆಮೇಲೆ ನಿನ್ನ ಮುಖ ಕಂಡಿತು. ಕ್ಷಮಿಸೇ."

ಅವಳನ್ನು ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಅವಳ ಮಡಿಲಿಗೆ ಬಿದ್ದೆ.

ಸಂಗ್‌ಪುಯಿ ಅದಾದ ಆರು ದಿನಕ್ಕೆ ಮಗುವನ್ನು ಎದೆಗೆ ಕಟ್ಟಿಕೊಂಡು ಬಂದಳು. ಆದರೆ ಆ ಸಂಜೆ ಖುಮಿಗೆ ಅದು ಗೊತ್ತಿರಲಿಲ್ಲ. ಎದುರು ಬೆಟ್ಟದಲ್ಲಿ ಇನ್ನಿಬ್ಬರು ಯಾವಾಗ ಬೇಕಾದರೂ ಕಾಣಿಸಬಹುದಿತ್ತು. ಕತ್ತಲಾಗುವವರೆಗೂ ಅವಳು ನನ್ನ ತಲೆ ಸವರುತ್ತ ಕೂತಿದ್ದಳು, ದಾರಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ನಾನೇ ಅಳುವಿನ ನಡುವೆ ತಲೆಯೆತ್ತಿ ನೋಡುತ್ತಿದ್ದೆ, ಅವಳ ಮಗಳಿಗಾಗಿ.