ಮೂರು ಚುಕ್ಕೆ, ಒಂದು ಗೀಟು

ಅವರ ಬಲಗೈ ತೋರುಬೆರಳಿನ ತುದಿ ಸದಾ ಕಪ್ಪಾಗಿರುತ್ತಿತ್ತು. ಬೆಂಕಿಯ ಕಪ್ಪಲ್ಲ. ಕರಿಗೇರು ಕಾಯಿಯ ರಸ ತಾಗಿ ಚರ್ಮ ಎದ್ದು, ಮತ್ತೆ ಬೆಳೆದು, ಮತ್ತೆ ಎದ್ದು ಆದ ಕಪ್ಪು. ಬಟ್ಟೆ ಯಾರ ಮನೆಯದೆಂದು ತಿಳಿಯಲು ಕಾಲರಿನ ಒಳಮೈಗೆ ಆ ರಸದಲ್ಲಿ ಚುಕ್ಕೆ, ಗೀಟು ಇಡುತ್ತಿದ್ದರು. ಎಷ್ಟು ಒಗೆದರೂ ಆ ಗುರುತು ಹೋಗುವುದಿಲ್ಲ. ಅಂಗಿ ಹರಿದು ನೆಲ ಒರೆಸುವ ಚಿಂದಿಯಾದಾಗಲೂ ಗುರುತು ಹಾಗೇ ಇರುತ್ತದೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅರ್ಧ ನಂಜನಗೂಡು ಅವರಿಗೆ ಚುಕ್ಕೆ ಗೀಟುಗಳಲ್ಲಿ ಬಾಯಿಪಾಠವಾಗಿತ್ತು.

ನಾವೆಲ್ಲ ಅವರನ್ನು ಇಸ್ತ್ರಿ ಅಣ್ಣ ಎನ್ನುತ್ತಿದ್ದೆವು. ಮಕ್ಕಳೇ, ಅವರ ವಿಷಯ ನಿಮಗೆ ಹೇಳಿಲ್ಲ. ನಿಮ್ಮ ಅಮ್ಮನಿಗೂ ಪೂರ್ತಿ ಹೇಳಿಲ್ಲ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ತವರೂರು ಹದಿನಾರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಬರೆಯುವುದಾದರೆ ಹೇಗೋ ಬರುತ್ತದೆ. ಕಾಲು ಊದಿಕೊಂಡಿದೆ, ದಿನಕ್ಕೊಂದು ಪುಟದಂತೆ ಬರೆಯುತ್ತೇನೆ.

ಹೋದ ತಿಂಗಳು ದೊಡ್ಡವಳು ತನ್ನ ಕ್ರಿಕೆಟ್ ಕಾರ್ಡುಗಳನ್ನು ಮಂಚದ ತುಂಬ ಹರಡಿಕೊಂಡು ಫೋನು ತೋರಿಸಿದಳು. "ಅಜ್ಜಿ, ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಒಂದಾಟ. ಅದರ ಹಳೇ ಕಾರ್ಡು ಒಂದೊಂದಕ್ಕೆ ಕೋಟಿಗಟ್ಟಲೆ ಕೊಡ್ತಾರೆ. ನಮ್ ಕ್ರಿಕೆಟ್ ಕಾರ್ಡಿಗೂ ಈಗ ರೇಟ್ ಬಂದಿದೆ, ನೋಡು" ಅಂದಳು. ಅವಳು ಬೆರಳಾಡಿಸುತ್ತ ಹೋದಂತೆ ಒಂದು ಪಟ ಬಂತು. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಹಳದಿ ಅಂಚಿನ ಪಟ. ಬ್ಯಾಟು ಎತ್ತಿ ನಿಂತ, ಇನ್ನೂ ಮೀಸೆ ಮೂಡದ ಆಟಗಾರ. ಕೆಳಗೆ ಎರಡು ಲಕ್ಷ ಎಂದಿತ್ತು.

"ಇದನ್ನ ನಾನು ಕೈಯಲ್ಲಿ ಹಿಡಿದಿದ್ದೆ" ಅಂದೆ.

"ಬಿಡಜ್ಜಿ, ಸುಳ್ಳು" ಅಂತ ಚಿಕ್ಕವನು ನಕ್ಕ.

ಹಿಡಿದಿದ್ದೆ ಕಂದ. ಹೇಗೆ ಹಿಡಿದಿದ್ದೆ ಎನ್ನುವುದನ್ನೇ ಬರೆಯಬೇಕಾಗಿದೆ.

ನಿಮ್ಮ ತಾತ ತೀರಿಕೊಂಡ ವರ್ಷ ನಂಜನಗೂಡಿನ ಸ್ಟೇಷನ್ ರಸ್ತೆಯಲ್ಲಿ ಮನೆಗೆಲಸ ಕೇಳಿಕೊಂಡು ಅಲೆಯುತ್ತಿದ್ದೆ. ಹೊಂಗೆ ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುತ್ತಿದ್ದವರು ತಾವಾಗಿ ಕರೆದರು.

"ಬಟ್ಟೆ ಮಡಿಸಕ್ಕೆ ಬತ್ತದಾ ತಂಗಿ?"

"ಬತ್ತದೆ."

"ಮತ್ತೆ ಅಲ್ಲೇನ್ ನಿಂತಿದ್ದೀಯ, ಈಕಡೆ ಬಾ."

ಅಷ್ಟೇ. ಅವರ ಹೆಂಡತಿ ಕಪಿಲೆಯಲ್ಲಿ ಬಟ್ಟೆ ಒಗೆದು ತರುತ್ತಿದ್ದರು, ಅಣ್ಣ ಇಸ್ತ್ರಿ ಮಾಡುತ್ತಿದ್ದರು, ನಾನು ಮಡಿಸುತ್ತಿದ್ದೆ. ಆರು ತಿಂಗಳಾದ ಮೇಲೆ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಕೈಗೂ ಕೊಟ್ಟರು. ಆ ಭಾರ ಎತ್ತಿ ಎತ್ತಿ ಅವರ ಬಲಭುಜ ಎಡದ್ದಕ್ಕಿಂತ ಕೆಳಗೆ ಇಳಿದಿತ್ತು. ನಾನು ಯಾರ ಪೈಕಿ ಎಂದು ವಿಚಾರಿಸಿಕೊಂಡ ಒಬ್ಬ ಅಮ್ಮನವರು ಬಂದು, "ನನ್ನ ಸೀರೆ ಮಾತ್ರ ನೀನೇ ಮಾಡಪ್ಪ" ಅಂದರು. ಅಣ್ಣ ತಲೆ ಎತ್ತದೆ, "ಬಟ್ಟೆಗೆ ಗೊತ್ತಾಗೋದು ಬಿಸಿ ಒಂದೇ ಕಣಮ್ಮ. ಕೈ ಯಾರ್ದು ಅಂತ ಅದ್ಕೇನ್ ಗೊತ್ತು?" ಅಂದು ಆ ಸೀರೆಯನ್ನು ನನ್ನ ಮುಂದೆಯೇ ಹಾಕಿದರು.

ಅವರದು ಒಂದೇ ಪಾಠ, ಜೇಬು. ಒಗೆಯುವ ಮುಂಚೆ ಒಮ್ಮೆ, ಇಸ್ತ್ರಿಗೆ ಮುಂಚೆ ಒಮ್ಮೆ ಜೇಬು ನೋಡಬೇಕು. ಬಸ್ ಟಿಕೆಟ್ಟು, ಚಿಲ್ಲರೆ, ಮಾತ್ರೆ, ಕುಂಕುಮದ ಪೊಟ್ಟಣ, ಏನೇ ಸಿಕ್ಕಲಿ, ಆ ಮನೆಯ ಗಂಟಿನ ತುದಿಗೆ ಕಟ್ಟಿ ಕಳಿಸುತ್ತಿದ್ದರು. ಬೇರೆಯದರಲ್ಲಿ ಬೆರೆತು ಹೋಗುವಂಥ ಸಾಮಾನಾದರೆ ಅದಕ್ಕೂ ಆ ಮನೆಯ ಚುಕ್ಕೆ ಗೀಟು ಬಿದ್ದುಬಿಡುತ್ತಿತ್ತು. ಬಾಚಣಿಗೆಗೂ ಬಿದ್ದದ್ದನ್ನು ಕಂಡಿದ್ದೇನೆ. ಒಮ್ಮೆ ನಾನು ನೋಡದೆ ಒತ್ತಿ, ವಕೀಲರೊಬ್ಬರ ಅಂಗಿಯ ಜೇಬಿನಲ್ಲಿ ಪೆಪ್ಪರಮೆಂಟು ಕರಗಿಸಿದ್ದೆ. "ಲಾಯರ್ ಸಾಯೇಬ್ರ ಎದೇನ ಸಿಹಿ ಮಾಡ್ಬುಟ್ಯಲ್ಲವ್ವ! ಇನ್ಮೇಲೆ ಕೇಸ್ ಸೋಲ್ತಾರೆ" ಅಂದರು. ಅಂದಿನಿಂದ ನಾನು ಯಾವ ಬಟ್ಟೆ ಹರಡಿದರೂ ಒಂದೇ ಪ್ರಶ್ನೆ: "ಜೇಬು ನೋಡ್ದಾ ತಂಗಿ?" ದಿನಕ್ಕೆ ನೂರು ಸಲ. ಕೇಳಿ ಕೇಳಿ ನನಗೆ ಸಾಕಾಗಿತ್ತು.

ಗಾಡಿಯ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಬಿಳಿ ಅಂಗಿ ಇತ್ತು. ಅದಕ್ಕೂ ಇಪ್ಪತ್ತು ವರ್ಷದ ಹಿಂದೆ ಹತ್ತಿರದ ಬಾಡಿಗೆ ರೂಮಿನಲ್ಲಿದ್ದ, ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರದು. ಒಗೆಯಲು ಕೊಟ್ಟವರಿಗೆ ನರಸೀಪುರಕ್ಕೆ ವರ್ಗವಾಯಿತು, ಹೋದವರು ಬರಲಿಲ್ಲ. ಅದರ ಜೇಬಿನಲ್ಲಿ ಒಂದು ಪಟ ಸಿಕ್ಕಿತ್ತು. ಆಗ ಚೂಯಿಂಗ್ ಗಮ್ಮಿನ ಪೊಟ್ಟಣದ ಜೊತೆ ಬರುತ್ತಿದ್ದ ಆಟಗಾರರ ಪಟ. ಅಣ್ಣ ಅದರ ಬೆನ್ನಿಗೂ ಕಾಲರಿನ ಗುರುತನ್ನೇ ಹಾಕಿದ್ದರು: ಮೂರು ಚುಕ್ಕೆ, ಒಂದು ಗೀಟು. ಒಂದೇ ಮಡಿಕೆಯಲ್ಲಿ ಬಿಟ್ಟರೆ ಬಟ್ಟೆ ಮಡಿಕೆಯಲ್ಲೇ ಹರಿಯುತ್ತದೆಂದು ವರ್ಷಕ್ಕೊಮ್ಮೆ ಆ ಅಂಗಿಯನ್ನು ಒಗೆಸಿ, ಇಸ್ತ್ರಿ ಮಾಡಿ, ಬೇರೆ ಮಡಿಕೆ ಹಾಕಿ, ಪಟವನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟು ಮತ್ತೆ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಬಿಸಿಲು ಕಾಣದೆ, ಮೂಲೆ ಮುರಿಯದೆ ಅದು ಹೊಸದರಂತೆಯೇ ಉಳಿದಿತ್ತು.

ನಿಮ್ಮ ಅಮ್ಮ ಪಿಯುಸಿಯಲ್ಲಿದ್ದಾಗಿನ ಮಾತು. ಅವತ್ತು ಆ ಅಂಗಿಯ ಸರದಿ. ಪಟ ಗಾಡಿಯ ಮೇಲೆ ಇತ್ತು. ಎದುರಿನ ಕಲ್ಯಾಣ ಮಂಟಪಕ್ಕೆ ಮದುವೆಗೆಂದು ಮೈಸೂರಿನಿಂದ ಬಂದಿದ್ದ ಒಬ್ಬರು ರೇಷ್ಮೆ ಶರ್ಟು ಇಸ್ತ್ರಿ ಮಾಡಿಸಲು ನಿಂತಿದ್ದರು. ಅವರ ಕಣ್ಣು ಪಟದ ಮೇಲೆ ಬಿತ್ತು. ಅದನ್ನು ಅಂಚಿನಲ್ಲಷ್ಟೇ ಹಿಡಿದು ಎತ್ತಿದರು, ಎಳೆಗೂಸನ್ನು ಎತ್ತಿಕೊಂಡ ಹಾಗೆ.

"ಇದು ನಿಮಗೆಲ್ಲಿ ಸಿಕ್ತು? ಇವನ ಮೊದಲನೇ ಕಾರ್ಡು ರೀ ಇದು! ಆ ಕಂಪನಿ ಆಮೇಲೆ ಮುಚ್ಚೇ ಹೋಯ್ತು. ನನ್ನ ಹತ್ರ ಸಾವಿರಾರು ಇದೆ, ಇದೊಂದಿಲ್ಲ. ಇಪ್ಪತ್ತೈದು ಸಾವಿರ ಕೊಡ್ತೀನಿ, ಈಗಲೇ."

ನನ್ನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟೆ. ಅವರು ಪಟ ತಿರುಗಿಸಿದರು. ಮುಖ ಬಾಡಿತು.

"ಅಯ್ಯೋ, ಯಾರ್ರೀ ಇದರ ಮೇಲೆ ಗೀಚಿದ್ದು? ಹದಿನೈದಕ್ಕೆ ಇಳೀತು ನೋಡಿ. ಇದನ್ನ ಅಳಿಸಕ್ಕಾಗಲ್ವಾ?"

"ಅಳ್ಸೋ ಅಂಗಿದ್ರೆ ನಾನ್ಯಾಕ್ ಸಾ ಆಕ್ಲಿ?" ಅಂದರು ಅಣ್ಣ.

"ಹೋಗ್ಲಿ, ಹದಿನೈದೇ ತಗೊಳ್ಳಿ."

"ನಂದಲ್ಲ ಸಾ ಅದು. ಇಪ್ಪತ್ ವರ್ಸದ ಕೆಳಗೆ ಈ ಅಂಗಿ ಕೊಟ್ಟೋರ್ದು."

"ಇಪ್ಪತ್ತು ವರ್ಷ ಆಯ್ತು ಅಂತೀರಿ. ಇನ್ಯಾರು ಬರ್ತಾರೆ?"

"ಬರ್ದಿದ್ರೂ ಅವರ್ದೇ ಅಲ್ವಾ."

ಅವರು ಫೋನ್ ನಂಬರಿನ ಚೀಟಿ ಕೊಟ್ಟು ಹೋದರು. ಅಣ್ಣ ಓದಲು ಬಾರದವರು, ಚೀಟಿಯನ್ನು ನನ್ನ ಕೈಗೆ ಕೊಟ್ಟರು.

ಆಗ ನನ್ನ ಸ್ಥಿತಿ ಹೀಗಿತ್ತು. ನಾನೂ ನಿಮ್ಮ ಅಮ್ಮನೂ ಇದ್ದ ಕೋಣೆಯ ಮಾಲೀಕರು ಇನ್ನೂ ಹತ್ತು ಸಾವಿರ ಅಡ್ವಾನ್ಸ್ ಕೊಡು, ಇಲ್ಲವಾದರೆ ತಿಂಗಳ ಕೊನೆಗೆ ಖಾಲಿ ಮಾಡು ಅಂದಿದ್ದರು. ಕಾಲೇಜು ಅಲ್ಲಿಂದ ನಡೆಯುವಷ್ಟು ದೂರ. ಆ ಸಂಜೆ ಅಣ್ಣನನ್ನು ಕೇಳಿದೆ. ಜೀವಮಾನದಲ್ಲಿ ನಾನು ಯಾರನ್ನಾದರೂ ದುಡ್ಡು ಕೇಳಿದ್ದು ಅದೇ ಮೊದಲು.

"ಅದನ್ನ ಮಾರಿ ನಂಗೆ ಸಾಲ ಕೊಡಿ ಅಣ್ಣ. ತೀರಿಸ್ತೀನಿ."

"ನಂದಾಗಿದ್ರೆ ಸುಮ್ನೇ ಕೊಟ್ಬುಡ್ತಿದ್ದೆ ಕಣವ್ವ. ಸಾಲ ಅಂತ ಕೇಳ್ಬೇಕಾಗಿತ್ತಾ ನೀನು?" ಅಂದು ಸೊಂಟದ ಚೀಲ ಬಿಚ್ಚಿ, ಅದರಲ್ಲಿದ್ದುದನ್ನೆಲ್ಲ ಗಾಡಿಯ ಮೇಲೆ ಸುರಿದರು. ಎರಡು ಸಾವಿರವೂ ಇರಲಿಲ್ಲ. ಸಿಟ್ಟಿನಲ್ಲಿ ನಾನು ಅದನ್ನು ಮುಟ್ಟಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವರು ಟೀ ಕುಡಿಯಲು ಹೋದಾಗ ಗಾಡಿಯ ಕೆಳಗಿನ ಪೆಟ್ಟಿಗೆ ತೆಗೆದೆ, ಅಂಗಿಯ ಜೇಬಿಗೆ ಕೈ ಹಾಕಿದೆ, ಪಟವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ರಸ್ತೆ ದಾಟಿ ಫೋನ್ ಬೂತಿನವನಿಗೆ ಚೀಟಿ ಕೊಟ್ಟೆ. ಅವನು ನಂಬರ್ ಒತ್ತಿ ಕೊಟ್ಟ. ಆ ಕಡೆಯಿಂದ "ಹಲೋ, ಯಾರು?" ಅಂದರು. ಮತ್ತೆ "ಯಾರ್ರೀ?" ಅಂದರು. ಇಟ್ಟುಬಿಟ್ಟೆ.

ಇದನ್ನು ನನ್ನ ಒಳ್ಳೆಯತನ ಎಂದುಕೊಳ್ಳಬೇಡಿ. ನನ್ನ ಸಂಕೋಚ, ಅಷ್ಟೇ. ಸಂಜೆ ಇನ್ನೊಮ್ಮೆ ಮಾಡೋಣ ಎಂದುಕೊಂಡೇ ರಸ್ತೆ ದಾಟಿದ್ದು.

ಅಣ್ಣ ಬಂದಿದ್ದರು. ಬಿಳಿ ಅಂಗಿ ಪೆಟ್ಟಿಗೆಯಿಂದ ಹೊರಗೆ, ನಾನು ನಿಲ್ಲುವ ಜಾಗದಲ್ಲಿ ಹರಡಿತ್ತು. ಅವರು ಇದ್ದಿಲಿಗೆ ಗಾಳಿ ಹಾಕುತ್ತಿದ್ದರು, ನನ್ನ ಕಡೆ ತಿರುಗಲಿಲ್ಲ.

"ಜೇಬು ನೋಡ್ದಾ ತಂಗಿ?"

ಎಂದಿನ ದನಿಯೇ. ಹೆಚ್ಚಿಲ್ಲ, ಕಡಿಮೆಯಿಲ್ಲ. "ನೋಡ್ತೀನಿ ಅಣ್ಣ" ಅಂದು ಚೀಲದಿಂದ ಪಟ ತೆಗೆದು ಜೇಬಿಗಿಟ್ಟೆ. ಅವರು ಕೆಂಡದ ಬೂದಿ ಊದಿ ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ಹಾಕಿದರು.

ಮರುದಿನ ಗಾಡಿಗೆ ಟಾರ್ಪಾಲು ಕಟ್ಟಿತ್ತು. ಅಣ್ಣ ಅಂಗಿಯ ಗಂಟು ಹಿಡಿದು ನಿಂತಿದ್ದರು. "ನಡಿ, ನರಸೀಪುರಕ್ಕೆ ಓಗಿ ಕೊಟ್ಬುಟ್ ಬರಾನ. ನಂಗೆ ಬೋರ್ಡ್ ಓದಕ್ಕೆ ಬರಲ್ಲ, ನೀನಿರ್ಬೇಕು." ಇಪ್ಪತ್ತು ವರ್ಷ ಹುಡುಕಿಕೊಂಡು ಹೋಗದವರು ಅವತ್ತೇ ಯಾಕೆ ಹೊರಟರೆಂದು ನಾನು ಕೇಳಬೇಕಾಗಿರಲಿಲ್ಲ. ಬಸ್ಸಿನಲ್ಲಿ ಗಂಟನ್ನು ತಾವು ಇಟ್ಟುಕೊಳ್ಳಲಿಲ್ಲ, ನನ್ನ ಮಡಿಲಲ್ಲಿಟ್ಟರು.

ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಜವಾನ ತಡೆದ. "ಯಾರ್ ಬೇಕು?"

"ನಂಜನಗೂಡಿಂದ ಇಪ್ಪತ್ ವರ್ಸದ ಕೆಳಗೆ ಇಲ್ಗೆ ಬಂದೋರು ಸಾ."

"ಹೆಸರೇನು?"

"ಎಸ್ರು ಗೊತ್ತಿಲ್ಲ. ಎಡತೋಳು ಬಲತೋಳ್ಗಿಂತ ಒಂದ್ ಬೆಳ್ಳು ಗಿಡ್ಡ. ಕಾಲರು ಎಡಗಡೆನೇ ಬೇಗ ಸವೀತಿತ್ತು, ತಲೆ ವಾಲಿಸ್ಕೊಂಡು ಬರೀತಾರೆ ಅಂತ ಕಾಣ್ತದೆ. ಎರಡ್ನೇ ಗುಂಡಿ ತಾವ ಯಾವಾಗ್ಲೂ ಸಾರಿನ ಕರೆ."

ಜವಾನ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾರಿನ ಕರೆನಾ? ಅಂಗಾದ್ರೆ ನಮ್ ಶಿರಸ್ತೇದಾರ್ರೇ ಬುಡು!"

ಒಳಗಿದ್ದವರಿಗೆ ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ತಲೆ ಎಡಕ್ಕೆ ವಾಲಿಸಿ ಬರೆಯುತ್ತಿದ್ದರು. ಎರಡನೇ ಗುಂಡಿಯ ಹತ್ತಿರ ಅವತ್ತೂ ಕರೆಯಿತ್ತು. ಅಂಗಿ ನೋಡಿ, "ಇದು ಈಗ ನನ್ನ ಒಂದು ಕೈಗೂ ಆಗಲ್ಲ ಮಾರಾಯ" ಅಂದು ನಗುತ್ತಿದ್ದವರು ನಾನು ಪಟ ಚಾಚಿದೊಡನೆ ಕನ್ನಡಕ ತೆಗೆದು ಒರೆಸಿಕೊಂಡರು.

"ನನ್ನ ರೂಮಿನಲ್ಲಿ ಇನ್ನೊಬ್ಬ ಇದ್ದ. ನನ್ನ ಊರಿನವನೇ, ಒಂದೇ ತಟ್ಟೇಲಿ ಉಂಡವನು. ಇದು ಕಾಣದೆ ಹೋದಾಗ ಅವನೇ ಕದ್ದ ಅಂದೆ. ಅವನ ಟ್ರಂಕು ತಂದು ಬೀದಿಗೆ ಸುರಿದೆ ಕಣಪ್ಪ. ಎಲ್ಲರೂ ನೋಡ್ತಿದ್ದರು. ಆವತ್ತಿಂದ ಅವನು ನನ್ನ ಮುಖ ನೋಡಿಲ್ಲ."

ಆಮೇಲೆ ಪಟದ ಬೆನ್ನು ತಿರುಗಿಸಿ ನೋಡಿ, "ಇದೇನು?" ಅಂದರು.

"ನಿಮ್ದೇ ಸಾ. ಕಾಲರ್ ನೋಡ್ಕಳಿ."

ಮೂರು ಚುಕ್ಕೆ, ಒಂದು ಗೀಟು. ಕಾಲರನ್ನೂ ಪಟವನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. "ಇದು ಒಳ್ಳೇದಾಯ್ತು. ಈ ಗುರುತು ತೋರಿಸಿದರೆ ಅವನು ನಂಬ್ತಾನೆ, ಒಗೆಯೋಕೆ ಹೋಗಿತ್ತು ಅಂತ" ಅಂದರು. ಹತ್ತು ಸಾವಿರ ಕಳೆದ ಗುರುತು ಅದೇ.

ಅಣ್ಣ ನನ್ನ ಕಡೆ ತಿರುಗಿ, "ಆ ಚೀಟಿನೂ ಕೊಡವ್ವ ಸಾಯೇಬ್ರಿಗೆ" ಅಂದರು. "ಮಾರ್ತೀವಿ ಅಂದ್ರೆ ಅದಿನೈದ್ ಸಾವ್ರ ಕೊಡ್ತಾರಂತೆ ಸಾ." ಸೆರಗಿನ ತುದಿಯ ಗಂಟು ಬಿಚ್ಚಿ ಚೀಟಿಯನ್ನೂ ಕೊಟ್ಟೆ. ಅವರು ಆಮೇಲೆ ಮಾರಿದರೋ, ಗೆಳೆಯನ ಮನೆಗೆ ಹೋದರೋ ನನಗೆ ಗೊತ್ತಿಲ್ಲ. ದೊಡ್ಡವಳು ತೋರಿಸಿದ ಪಟದ ಬೆನ್ನನ್ನು ನಾನು ನೋಡಲಿಲ್ಲ.

ಸಾಹೇಬರು ಐನೂರರ ನೋಟು ಕೊಟ್ಟರು. ಅಣ್ಣ ಬೇಡ ಅನ್ನಲಿಲ್ಲ, ತೆಗೆದುಕೊಂಡರು. ಬಸ್ ಚಾರ್ಜು ಕಳೆದು ಉಳಿದದ್ದನ್ನು ನನ್ನ ಕೈಗಿಟ್ಟು, "ಇವತ್ತಿನ ಕೂಲಿ" ಅಂದರು.

ಆ ಕೋಣೆ ಹೋಯಿತು. ನಿಮ್ಮ ಅಮ್ಮನೂ ನಾನೂ ನರಸೀಪುರದಲ್ಲಿ ನನ್ನ ತಂಗಿಯ ಮನೆಯ ಜಗಲಿಯಲ್ಲಿ ಎರಡು ವರ್ಷ ಮಲಗಿದೆವು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಅವಳು ಕಾಲೇಜಿಗೆ, ನಾನು ಹೊಂಗೆ ಮರಕ್ಕೆ. ವಾರದ ಅರ್ಧ ದಿನಗಳಲ್ಲಿ ಕೂರಲು ಸೀಟು ಇರುತ್ತಿರಲಿಲ್ಲ. ಆ ಎರಡು ವರ್ಷದ ನಿಲ್ಲುವಿಕೆ ಈಗಲೂ ನನ್ನ ಮೊಣಕಾಲಿನಲ್ಲಿದೆ. ಆ ಹದಿನೈದು ಸಾವಿರ ಇದ್ದಿದ್ದರೆ ಎಂದು ಈ ವಯಸ್ಸಿನಲ್ಲೂ ಒಮ್ಮೊಮ್ಮೆ ಅನ್ನಿಸುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಆದರೆ ಒಂದು ಮಾತು. ನರಸೀಪುರಕ್ಕೆ ಹೋಗಿ ಬಂದ ಮಾರನೆಯ ದಿನದಿಂದ ಅಣ್ಣ ನನ್ನನ್ನು "ಜೇಬು ನೋಡ್ದಾ?" ಎಂದು ಒಮ್ಮೆಯೂ ಕೇಳಲಿಲ್ಲ. ಮೊದಲ ವಾರ ನಾನೇ ಕಾಯುತ್ತಿದ್ದೆ, ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು. ಕೇಳಲಿಲ್ಲ. ಹಣ, ಉಂಗುರ, ಏನೇನೋ ಇದ್ದ ಬಟ್ಟೆಗಳನ್ನು ನನ್ನ ಮುಂದೆ ಹಾಕಿ ಟೀ ಕುಡಿಯಲು ಹೋಗುತ್ತಿದ್ದರು. ನನ್ನ ವಿಷಯವನ್ನು ಯಾರ ಬಳಿಯೂ, ತಮ್ಮ ಹೆಂಡತಿಯ ಬಳಿಯೂ ಆಡಲಿಲ್ಲ.

ಕೊನೆಕೊನೆಗೆ ಅಣ್ಣನ ಆ ಬಲಭುಜ ಏಳುತ್ತಿರಲಿಲ್ಲ. ಇದ್ದಿಲ ಹೊಗೆಗೆ ಕೆಮ್ಮು ಕಟ್ಟಿಕೊಂಡಿತ್ತು. ಹೊಂಗೆಯ ನೆರಳಲ್ಲಿ ಕಲ್ಲಿನ ಮೇಲೆ ಕೂತು ಬಟ್ಟೆಯ ಕಾಲರು ತಿರುಗಿಸಿ ಯಾರ ಮನೆಯದೆಂದು ಹೇಳುತ್ತಿದ್ದರು, ಅಷ್ಟೇ. ಒಂದು ದಿನ ಉಂಡು ಮಲಗಿದವರು ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಹೆಂಡತಿ ಗಾಡಿಯನ್ನೂ ಇಸ್ತ್ರಿ ಪೆಟ್ಟಿಗೆಯನ್ನೂ ನನಗೆ ಕೊಟ್ಟರು. ಕೊನೆಯ ದಿನ ಅಣ್ಣ ತೊಟ್ಟಿದ್ದ ಖಾಕಿ ಅಂಗಿಯನ್ನೂ ತಂದು, "ಒಗ್ದಿದೀನಿ, ಒಂದ್ಸಲ ಒತ್ಬುಡವ್ವ. ಯಾರ್ಗಾದ್ರೂ ಕೊಡಾನ" ಅಂದರು. ಗಾಡಿಯ ಮೇಲೆ ಹರಡಿದೆ. ಅದರ ಕಾಲರಿನಲ್ಲಿ ಯಾವ ಗುರುತೂ ಇರಲಿಲ್ಲ.

ಯಾರೂ ಕೇಳದಿದ್ದರೂ ಜೇಬು ನೋಡಿದೆ. ಯಾರದೂ ಏನೂ ಇರಲಿಲ್ಲ.